ಸಪ್ಪೆ ಊಟದ ಹರಕೆ

ನನ್ನ ತಮ್ಮನನ್ನು ಊರು ಮೊದಲು ಸೋಮಾರಿ ಎಂದಿತು, ಆಮೇಲೆ ಸೊಕ್ಕಿನವನು ಎಂದಿತು. ಎರಡೂ ಒಂದೇ ಕಾಯಿಲೆ ಎಂದು ರಾಯಚೂರಿನಲ್ಲಿ ಒಬ್ಬ ಡಾಕ್ಟರು ಬಾಯಿಬಿಟ್ಟು ಹೇಳುವ ಹೊತ್ತಿಗೆ ಅವನಿಗೆ ಹದಿನೇಳಾಗಿತ್ತು, ಅಪ್ಪನ ಬಡಿಗೆಯ ರುಚಿ ಅವನ ಬೆನ್ನಿಗೆ ಚೆನ್ನಾಗಿ ಗೊತ್ತಾಗಿತ್ತು. ಆ ಊರಿನ ಬಾಯಿಗಳ ಮೇಲೆ ನನಗೆ ಈಗಲೂ ಸಿಟ್ಟಿದೆ. ಇಷ್ಟು ವರ್ಷದ ಮೇಲೆ ಆ ಸಿಟ್ಟು ಇಟ್ಟುಕೊಂಡು ಏನು ಮಾಡುತ್ತೀ ಎಂದು ನನ್ನ ಯಜಮಾನರು ಕೇಳುತ್ತಾರೆ. ಏನೂ ಮಾಡುವುದಿಲ್ಲ, ಇಟ್ಟುಕೊಂಡಿರುತ್ತೇನೆ, ಅಷ್ಟೇ.

ನಮ್ಮದು ದೇವದುರ್ಗದ ಹತ್ತಿರದ ಒಂದು ಹಳ್ಳಿ, ಕುರಿ ಸಾಕುವ ಮನೆತನ. ಅಪ್ಪ, ಅವ್ವ, ನಾನು, ತಮ್ಮ; ಜೊತೆಗೆ ಗಂಡ ಸತ್ತ ಮೇಲೆ ತವರಿಗೆ ಬಂದು ಉಳಿದ ನಮ್ಮ ಸೋದರತ್ತೆ. ತಮ್ಮ ನನಗಿಂತ ಎಂಟು ವರ್ಷ ಚಿಕ್ಕವನು. ಅವನನ್ನು ಎತ್ತಿ ಎತ್ತಿ ನನ್ನ ಸೊಂಟವೇ ಒಂದು ಕಡೆ ವಾಲಿದೆ ಎಂದು ಅತ್ತೆ ಚೇಷ್ಟೆ ಮಾಡುತ್ತಿದ್ದಳು. ನನ್ನನ್ನು ಮಾನ್ವಿಗೆ ಕೊಟ್ಟರು. ಯಜಮಾನರು ಅಲ್ಲಿ ಅಕ್ಕಿ ಗಿರಣಿಯಲ್ಲಿ ಕೆಲಸಕ್ಕಿದ್ದರು. ಅದು ಕಾಲುವೆಯ ಸೀಮೆ, ಎಲ್ಲಿ ನೋಡಿದರೂ ಭತ್ತದ ಗದ್ದೆ. ನಮ್ಮ ಹಳ್ಳಿಯ ಕಡೆ ಆಗ ಕಾಲುವೆಯ ಮಾತೇ ಇರಲಿಲ್ಲ. ತಮ್ಮ ಮೊದಲ ಸಲ ನನ್ನ ಮನೆಗೆ ಬಂದಾಗ ಕಾಲುವೆಯ ದಂಡೆಯಲ್ಲಿ ನಿಂತು, "ಯಕ್ಕಾ, ಇಷ್ಟು ನೀರು ಯಾರೂ ಹೊರದ ತಾನ ಬರ್ತದೇನು?" ಎಂದು ಕೇಳಿದ್ದ. ಅವತ್ತು ಊಟಕ್ಕೆ ಕರೆದರೂ ಅಲ್ಲಿಂದ ಕದಲಲಿಲ್ಲ.

ನಮ್ಮ ಕಡೆ ಗಂಡಸರು ಕುರಿಗಳ ಹಿಂದೆ ನಡೆಯುತ್ತಲೇ ಉಣ್ಣೆ ನೂಲುತ್ತಾರೆ. ಕಣ್ಣು ಕುರಿಗಳ ಮೇಲೆ, ಕೈಯಲ್ಲಿ ಕದಿರು ತಿರುಗುತ್ತಿರುತ್ತದೆ. ತಮ್ಮ ಮೀಸೆ ಮೂಡುವ ಮೊದಲೇ ಅಪ್ಪನಿಗಿಂತ ಚೆನ್ನಾಗಿ ನೂಲುತ್ತಿದ್ದ. ಎಳೆ ಎಲ್ಲೂ ದಪ್ಪ ಸಣ್ಣ ಆಗುತ್ತಿರಲಿಲ್ಲ. ಕಂಬಳಿ ನೇಯುವವರು ಅವನ ನೂಲಿನ ಉಂಡೆಯನ್ನು ಬೇರೆ ತೆಗೆದಿಡುತ್ತಿದ್ದರು. ಅವ್ವ ಅದನ್ನು ಬಂದವರಿಗೆಲ್ಲ ಹೇಳುತ್ತಿದ್ದಳು, ಕೇಳದವರಿಗೂ ಹೇಳುತ್ತಿದ್ದಳು.

ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಅವನಿಗೆ ಹದಿನೈದು. ಆ ಮಳೆಗಾಲ ಅವನು ಕಂಬಳಿ ಹೊದ್ದು ಗೋಡೆಯ ಕಡೆ ಮುಖ ಮಾಡಿ ಮಲಗಿದವನು ಏಳಲೇ ಇಲ್ಲ. ಜ್ವರವಿಲ್ಲ, ನೋವಿಲ್ಲ. ಕುರಿಗಳು ಹಟ್ಟಿಯಲ್ಲಿ ಬ್ಯಾ ಎಂದರೆ ಕಿವಿ ಮುಚ್ಚಿಕೊಳ್ಳುತ್ತಿದ್ದ. ಅವ್ವ ರೊಟ್ಟಿ ಮುರಿದು ಬಾಯಿಗಿಟ್ಟರೆ ಅಗಿಯುವುದನ್ನೇ ಮರೆತು ಹಾಗೇ ಇಟ್ಟುಕೊಂಡಿರುತ್ತಿದ್ದ. ಕದಿರು ಗೂಟದಲ್ಲಿ ನೇತಾಡುತ್ತಿತ್ತು. "ಏಳಲೇ ಮೈಗಳ್ಳ, ಕುರಿ ನಿಮ್ಮಜ್ಜ ಕಾಯ್ತಾನೇನು?" ಎಂದು ಅಪ್ಪ ಬಡಿಗೆ ಎತ್ತಿದರೆ ಅವನು ತಪ್ಪಿಸಿಕೊಳ್ಳುತ್ತಲೂ ಇರಲಿಲ್ಲ. ನಾನು ತವರಿಗೆ ಹೋದಾಗ ಅವನ ಪಕ್ಕದಲ್ಲಿ ಕೂತು ತಲೆ ಸವರಿದೆ. "ಯಕ್ಕಾ, ನಾ ಯಾಕ ಹಿಂಗ ಆಗೀನಿ?" ಎಂದು ಕೇಳಿದ. ಜಾರಿದ ಕಂಬಳಿಯನ್ನು ಅವನ ಹೆಗಲಿಗೆ ಎಳೆದು ಹೊದಿಸಿದೆ.

ದೀಪಾವಳಿಯ ಹೊತ್ತಿಗೆ ತಾನಾಗಿಯೇ ಎದ್ದ. ಎಲ್ಲರೂ ಆ ಮಳೆಗಾಲವನ್ನು ಮರೆತರು. ಮರೆತದ್ದೇ ದೊಡ್ಡ ತಪ್ಪಾಯಿತು. ಯಾಕೆಂದರೆ ಮರುವರ್ಷ ಅವನು ಬೇರೆಯೇ ಹುಡುಗನಾದ.

ದೇವದುರ್ಗದ ಸಂತೆಗೆ ಅಪ್ಪ ಅವನನ್ನು ಕುರಿ ಹೊಡೆದುಕೊಂಡು ಹೋಗಲು ಕಳಿಸಿದ್ದ. ತಾನು ಹಿಂದಿನಿಂದ ಬರುತ್ತೇನೆ ಎಂದಿದ್ದ. ಅಪ್ಪ ಹೋಗಿ ನೋಡುವಷ್ಟರಲ್ಲಿ ಸಂತೆಯ ನಡುವೆ ಒಂದು ಕಲ್ಲಿನ ಮೇಲೆ ನಿಂತು ತಮ್ಮ ಕುರಿಗಳನ್ನು ಹಂಚುತ್ತಿದ್ದ. ಬಳೆ ಮಾರುವ ಮುದುಕಿಗೆ ಒಂದು ಮರಿ. ಮೂಟೆ ಹೊರುವವನಿಗೆ ಒಂದು ಟಗರು. "ತಗೋ ಯವ್ವಾ, ತಗೋ! ಬರೋ ವರ್ಷ ನಮ್ಮೂರಿಗಿ ಕಾಲುವಿ ಬರ್ತದ, ಹುಲ್ಲಿಗೇನು ಕಮ್ಮಿ!" ಕಣ್ಣು ಕೆಂಪಗೆ ಹೊಳೆಯುತ್ತಿತ್ತಂತೆ, ಮಾತು ಒಂದರ ಮೇಲೊಂದು ಬೀಳುತ್ತಿತ್ತಂತೆ. ಹುಡುಗನಿಗೆ ಏನೋ ಆಗಿದೆ ಎಂದು ಕುರುಡರಿಗೂ ತಿಳಿಯುವಂತಿತ್ತು. ಆದರೂ ಜನ ಹಗ್ಗ ಹಿಡಿದು ಕುರಿ ಎಳೆದುಕೊಂಡು ಹೋದರು. ಎಂಥ ಮಂದಿ! ಬಳೆಯ ಮುದುಕಿ ಒಬ್ಬಳೇ ಮರಿಯನ್ನು ಅಪ್ಪನ ಕೈಗೆ ಕೊಟ್ಟು, "ಹುಡುಗನ್ನ ಮನಿಗಿ ಕರಕೊಂಡು ಹೋಗೋ ತಂದಿ" ಎಂದಳಂತೆ.

ಅಪ್ಪ ಹಿಡಿಯಲು ಹೋದರೆ ಓಡಿದ. ಓಡಿ, ನಡೆದು, ಮಾನ್ವಿಯ ನನ್ನ ಮನೆಗೇ ಬಂದ. ಮರುದಿನ ಮಧ್ಯಾಹ್ನ ಬಾಗಿಲಲ್ಲಿ ನಿಂತಿದ್ದ. ಕಾಲು ಬಿರಿದು ರಕ್ತ, ಮುಖದಲ್ಲಿ ಮಾತ್ರ ಮದುವೆಯ ಕಳೆ. "ಯಕ್ಕಾ, ಸಲಿಕಿ ಕೊಡು. ಇಲ್ಲಿಂದ ದೇವದುರ್ಗಕ್ಕ ಕಾಲುವಿ ತೋಡಾಕತ್ತೀನಿ. ಲೆಕ್ಕ ಎಲ್ಲ ತಲ್ಯಾಗ ಅದ." ನಾನು ಮೊದಲು ನಕ್ಕೆ. ಆಮೇಲೆ ಅವನು ನಿಜವಾಗಿಯೂ ಅಂಗಳ ಅಗೆಯತೊಡಗಿದಾಗ ಗಿರಣಿಗೆ ಹೇಳಿ ಕಳಿಸಿದೆ. ಊಟ ಬೇಡ, ನಿದ್ದೆ ಬೇಡ. ಗಿರಣಿಯಿಂದ ಯಜಮಾನರು ಬಂದು, ಅಕ್ಕಪಕ್ಕದವರು ಸೇರಿ ಅವನನ್ನು ಹಿಡಿದು ಕೂರಿಸಬೇಕಾಯಿತು. ಹಿಡಿದಾಗ ಅವನು ಬೈದ ಬೈಗುಳ ನಾನು ಯಾವ ಕುಡುಕನ ಬಾಯಲ್ಲೂ ಕೇಳಿರಲಿಲ್ಲ. ನನ್ನ ಕಂಕುಳಲ್ಲಿ ಬೆಳೆದ ಕೂಸು ನನ್ನನ್ನೇ ಬೈಯುತ್ತಿತ್ತು.

ಆಮೇಲೆ ಶುರುವಾಯಿತು ನೋಡಿ, ಊರಿನ ವೈದ್ಯಕೀಯ. ಒಬ್ಬರು ತಾಯಿತ ಕಟ್ಟಿಸಿ ಎಂದರು, ಕಟ್ಟಿಸಿದೆವು. ದರ್ಗಾದಲ್ಲಿ ನವಿಲುಗರಿ ಆಡಿಸಿದರು. ಇಂಜೆಕ್ಷನ್ ಕೊಡುವ ಡಾಕ್ಟರೊಬ್ಬರು, "ಹರೇದ ಹುಚ್ಚು ಇದು, ಲಗ್ನ ಮಾಡ್ರಿ, ಎಲ್ಲಾ ಸರಿ ಹೋಗ್ತದ" ಎಂದರು. ಹದಿನಾರರ ಹುಡುಗನಿಗೆ! ಯಾರ ಮನೆಯ ಹೆಣ್ಣುಮಗಳನ್ನು ಔಷಧಿ ಅಂತ ತಂದು ಅರೆದು ಕುಡಿಸೋಣ ಎಂದು ನಾನು ಕೇಳಿದ್ದಕ್ಕೆ ಅಪ್ಪ ನನ್ನನ್ನು ಸುಮ್ಮನಿರಿಸಿದ. ನಮ್ಮ ಸೋದರತ್ತೆ ಮಾತ್ರ ಮೊದಲಿನಿಂದ ಕೊನೆಯವರೆಗೂ ಒಂದೇ ಮಾತು ಹಿಡಿದಿದ್ದಳು: "ಇದು ಯಲ್ಲಮ್ಮವ್ವನ ಆಟ. ಅಕಿಗಿ ಏನೋ ಬೇಕಾಗ್ಯಾದ." ಅವ್ವ ಒಂದು ದಿನ ಯಲ್ಲಮ್ಮನ ಗುಡಿಯಿರುವ ನೀರಮಾನ್ವಿಯ ದಿಕ್ಕಿಗೆ ತಿರುಗಿ, ಸೆರಗೊಡ್ಡಿ, ಬಾಯಿ ಆಡಿಸದೆ ಏನೋ ಬೇಡಿಕೊಂಡಳು. ಏನು ಬೇಡಿಕೊಂಡೆ ಎಂದು ಕೇಳಿದರೆ ಹೇಳಲಿಲ್ಲ. ನಮ್ಮಲ್ಲಿ ಹರಕೆಯನ್ನು ತೀರಿಸುವವರೆಗೆ ಇನ್ನೊಬ್ಬರ ಕಿವಿಗೆ ಹಾಕುವುದಿಲ್ಲ. ಹಾಕಿದರೆ ಫಲ ಹೋಗುತ್ತದೆ ಎಂದು ನಂಬಿಕೆ.

ಗಿರಣಿಯ ಮಾಲೀಕರ ಸಂಬಂಧಿಕರೊಬ್ಬರಿಗೆ ಇಂಥದ್ದೇ ಏನೋ ಆಗಿ ರಾಯಚೂರಿನಲ್ಲಿ ತೋರಿಸಿದ್ದರಂತೆ. ವಾರಕ್ಕೊಮ್ಮೆ ಬೇರೆ ಊರಿನಿಂದ ಮನೋರೋಗದ ಡಾಕ್ಟರೊಬ್ಬರು ಬರುತ್ತಾರೆ ಎಂದು ಯಜಮಾನರು ಕೇಳಿಕೊಂಡು ಬಂದರು. ಅಪ್ಪ, ನಾನು, ಯಜಮಾನರು ಮೂವರೂ ತಮ್ಮನನ್ನು ನಡುವೆ ಕೂರಿಸಿಕೊಂಡು ಬಸ್ಸಿನಲ್ಲಿ ಹೋದೆವು. ಅವನು ದಾರಿಯುದ್ದಕ್ಕೂ ಪ್ರಯಾಣಿಕರಿಗೆಲ್ಲ ಭಾಷಣ ಮಾಡಿದ. ಜನ ನಕ್ಕರು. ನಾನು ತಲೆಯ ಮೇಲೆ ಸೆರಗು ಎಳೆದುಕೊಂಡು ಕಿಟಕಿಯ ಹೊರಗೆ ನೋಡುತ್ತ ಅತ್ತೆ.

ಡಾಕ್ಟರು ನಡುವಯಸ್ಸಿನವರು, ಮೈಸೂರು ಕಡೆಯ ಕನ್ನಡ. ಅಪ್ಪ ಸಂತೆಯ ಕಥೆಯನ್ನೆಲ್ಲ ಹೇಳಿದ. ಅವರು ಬರೆದುಕೊಳ್ಳುತ್ತ, "ಇದಕ್ಕೆ ಮುಂಚೆ ಯಾವಾಗಾದರೂ ಮಂಕಾಗಿ, ಏಳದೆ ಮಲಗಿಬಿಟ್ಟಿದ್ದನಾ?" ಎಂದು ಕೇಳಿದರು.

"ಅದು ಬ್ಯಾರೆರೀ ಸಾಹೇಬ್ರ. ಅದು ಮೈಗಳ್ಳತನ" ಎಂದ ಅಪ್ಪ.

ಡಾಕ್ಟರು ಪೆನ್ನು ಕೆಳಗಿಟ್ಟರು. "ಅದನ್ನೇ ಹೇಳಿ. ಮೊದಲಿನಿಂದ ಹೇಳಿ" ಎಂದರು.

ಆಗ ನಾನು ಹೇಳಿದೆ. ಕಂಬಳಿ, ಗೋಡೆ, ಬಾಯಲ್ಲೇ ಉಳಿದ ರೊಟ್ಟಿ, ಗೂಟಕ್ಕೆ ನೇತಾಡಿದ ಕದಿರು. ಅವರು ಎಲ್ಲ ಕೇಳಿ, ಇದಕ್ಕೆ ಉನ್ಮಾದ ಮತ್ತು ಖಿನ್ನತೆ ಎರಡೂ ಸರದಿಯ ಮೇಲೆ ಬರುವ ಕಾಯಿಲೆ ಎನ್ನುತ್ತಾರೆ, ಹರೆಯದಲ್ಲೇ ಶುರುವಾಗುವುದುಂಟು, ಆ ವಯಸ್ಸಿನಲ್ಲಿ ಎಲ್ಲರೂ ಇದನ್ನು ನಡತೆಯ ದೋಷ ಅಂದುಕೊಳ್ಳುತ್ತಾರೆ ಎಂದು ಬಿಡಿಸಿ ಹೇಳಿದರು. ಕೊನೆಗೆ ನಮ್ಮನ್ನು ಬಿಟ್ಟು ತಮ್ಮನ ಕಡೆ ತಿರುಗಿ, "ಮಲಗಿದ್ದೂ ನಿನ್ನ ತಪ್ಪಲ್ಲ, ಕುರಿ ಹಂಚಿದ್ದೂ ನಿನ್ನ ತಪ್ಪಲ್ಲ" ಎಂದರು. ಅಲ್ಲಿಯವರೆಗೆ ನಿಲ್ಲದೆ ಕೂರದೆ ಇದ್ದ ಹುಡುಗ ಕುರ್ಚಿಯಲ್ಲಿ ಕೂತು ಅವರನ್ನೇ ನೋಡಿದ. ಹೊರಗೆ ಬಂದು ತೀನ್ ಕಂದೀಲ್ ಚೌಕದ ಹತ್ತಿರ ಚಹಾ ಕುಡಿಯುವಾಗ ಅಪ್ಪ ಅವನ ಬೆನ್ನಿನ ಮೇಲೆ ಕೈಯಿಟ್ಟು ಸವರತೊಡಗಿದ. ಅಂಗಿಯ ಮೇಲಿಂದಲೇ, ಬಸ್ಸು ಬರುವವರೆಗೂ ಸವರುತ್ತಿದ್ದ.

ಮೊದಲು ಆವೇಶ ಇಳಿಸುವ ಔಷಧಿ ಕೊಟ್ಟರು. ಕೆಲವು ವಾರದ ಮೇಲೆ ಲಿಥಿಯಂ ಎಂಬ ಗುಳಿಗೆ ಶುರು ಮಾಡಿದರು. ಅದು ರಕ್ತದಲ್ಲಿ ಎಷ್ಟಿದೆ ಎಂದು ನೋಡುತ್ತಿರಬೇಕು, ಕಡಿಮೆಯಾದರೆ ನಾಟುವುದಿಲ್ಲ, ಹೆಚ್ಚಾದರೆ ವಿಷ. ಆ ಪರೀಕ್ಷೆ ನಮ್ಮ ಕಡೆ ಆಗುತ್ತಿರಲಿಲ್ಲ, ರಕ್ತವನ್ನು ಹೈದರಾಬಾದಿಗೆ ಕಳಿಸುತ್ತಿದ್ದರು. "ನಾ ಹುಟ್ಟಿದಾಗಿಂದ ಹೈದರಾಬಾದ್ ನೋಡಿಲ್ಲ, ನನ್ನ ಮಗನ ರಕ್ತ ರೈಲ್ ಹತ್ತಿ ನೋಡಿ ಬಂತು" ಎಂದು ಅಪ್ಪ ತಮಾಷೆ ಮಾಡಿದ. ಅಪ್ಪ ತಮಾಷೆ ಮಾಡಿ ಎಷ್ಟೋ ಕಾಲವಾಗಿತ್ತು.

ಆ ಗುಳಿಗೆ ಬರೆದುಕೊಟ್ಟ ದಿನ ನಾನು ಅಳುತ್ತಿದ್ದ ನನ್ನ ಕೈಗೂಸನ್ನು ಎತ್ತಿಕೊಂಡು ಹೊರಗೆ ಓಡಾಡುತ್ತಿದ್ದೆ. ಒಳಗಿದ್ದವರು ಅಪ್ಪ ಮತ್ತು ತಮ್ಮ. ಅಪ್ಪ ನಗುತ್ತಲೇ ಹೊರಗೆ ಬಂದ. "ಡಾಕ್ಟರು ಏನಂದ್ರು ಗೊತ್ತೇನವಾ? ನೀರು ಚೊಲೊ ಕುಡಿ, ಉಪ್ಪು ಮಾತ್ರ ಬಿಡಬ್ಯಾಡ ಅಂದ್ರು! ನಮ್ಮ ಮನ್ಯಾಗ ಉಪ್ಪು ಖಾರ ಬಿಟ್ಟು ಉಂಡವರು ಯಾರದಾರ?" ನಾನೂ ನಕ್ಕೆ. ಹೊತ್ತಿಗೆ ಸರಿಯಾಗಿ ಗುಳಿಗೆ ಕೊಡಬೇಕು ಎಂಬುದನ್ನು ಅಪ್ಪ ಊರಿಗೆ ಹೋಗಿ ಅವ್ವನಿಗೆ ಹೇಳಿದ. ಉಪ್ಪಿನ ಮಾತನ್ನು ಹೇಳಲಿಲ್ಲ. ಸೂರ್ಯ ಮೂಡಿದ ಮೇಲೆ ಬೆಳಕಾಗುತ್ತದೆ ಎಂದು ಯಾರಾದರೂ ಯಾರಿಗಾದರೂ ಹೇಳುತ್ತಾರೆಯೇ?

ಗುಳಿಗೆ ಹಿಡಿಯಿತು. ಅದು ಹಿಡಿದದ್ದು ಅವ್ವನಿಗೆ ಕಂಡದ್ದು ನೂಲಿನಲ್ಲಿ. ಕಾಯಿಲೆ ಏರಿದ್ದಾಗ ಅವನ ಎಳೆ ಗಂಟುಗಂಟಾಗಿ ಹರಿದುಹೋಗುತ್ತಿತ್ತು. ನಿಧಾನಕ್ಕೆ ಅದು ಸಮ ಬಂತು. ಅವ್ವ ಆ ನೂಲನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು ಎಳೆದು ನೋಡಿ, "ಬಂದ ನೋಡು ನನ್ನ ಮಗ" ಎಂದಳಂತೆ. ತಮ್ಮ ಮತ್ತೆ ಕುರಿಯ ಹಿಂದೆ ಹೋಗತೊಡಗಿದ. ಮಾನ್ವಿಗೆ ಬಂದಾಗ ಒಮ್ಮೆ ಕಾಲುವೆಯ ದಂಡೆಯಲ್ಲಿ ಕೂತು, "ನನ್ನ ಕಾಲುವಿ ಹೋತು ನೋಡಕ್ಕಾ" ಎಂದ. ನಗುತ್ತಿದ್ದ, ಆದರೆ ಸ್ವಲ್ಪ ಬೇಜಾರೂ ಇತ್ತು. "ಹೋಗಲಿ ಬಿಡಲೇ, ನೀ ಉಳದೆಲ್ಲ" ಎಂದೆ. ಒಂದು ವರ್ಷದ ಮೇಲಾಯಿತು, ಏರಲಿಲ್ಲ, ಇಳಿಯಲಿಲ್ಲ. ನಮಗೆ ಅಷ್ಟೇ ಬೇಕಾಗಿತ್ತು. ಅವನು ದೊಡ್ಡ ಮನುಷ್ಯನಾಗುವುದು ಯಾರಿಗೂ ಬೇಕಾಗಿರಲಿಲ್ಲ. ಕುರಿ ಕಾಯ್ದುಕೊಂಡು, ನೂಲಿಕೊಂಡು, ನಮ್ಮ ಹುಡುಗನಾಗಿ ಇದ್ದರೆ ಸಾಕಾಗಿತ್ತು.

ಶಿವರಾತ್ರಿ ಕಳೆದು ಬಿಸಿಲು ಏರಿದ ಕಾಲ. ಅಪ್ಪ ಜೋಳ ಕೊಯ್ದ ಹೊಲಗಳನ್ನು ಹುಡುಕಿಕೊಂಡು ಕುರಿಗಳ ಜೊತೆ ದೂರ ಹೋಗಿದ್ದ. ಹೊತ್ತುಹೊತ್ತಿಗೆ ಗುಳಿಗೆ ತಪ್ಪಬಾರದೆಂದು ತಮ್ಮನನ್ನು ಮನೆಯಲ್ಲೇ ಬಿಟ್ಟಿದ್ದ. ಆಗ ಅವ್ವ ತನ್ನ ಹರಕೆಯನ್ನು ನೆನೆಸಿಕೊಂಡಳು. ಗುಳಿಗೆ ಡಾಕ್ಟರದು, ಗುಣ ಮಾಡಿದವಳು ದೇವಿ ಎಂದು ಅವಳ ಲೆಕ್ಕ. ಮಗ ಸರಿಹೋದರೆ ಐದು ವಾರ ತಾಯಿ ಮಗ ಇಬ್ಬರೂ ಉಪ್ಪು ಮುಟ್ಟುವುದಿಲ್ಲ, ಆಮೇಲೆ ನಡೆದು ನೀರಮಾನ್ವಿಗೆ ಬರುತ್ತೇವೆ, ಕೊನೆಯ ದಿನ ಗುಡಿ ಸೇರುವವರೆಗೆ ನೀರನ್ನೂ ಮುಟ್ಟುವುದಿಲ್ಲ ಎಂದು ಅವಳು ಅಂದು ಸೆರಗೊಡ್ಡಿ ಬೇಡಿದ್ದು.

ರೊಟ್ಟಿಗೆ ಹೇಗೂ ಉಪ್ಪು ಹಾಕುವುದಿಲ್ಲ. ಪಲ್ಯ, ಹಿಂಡಿ ಚಟ್ನಿ, ಮಜ್ಜಿಗೆ ಬಿಟ್ಟು ಬರೀ ಹಾಲು ಬೆಲ್ಲದಲ್ಲಿ ಇಬ್ಬರೂ ರೊಟ್ಟಿ ಉಂಡರು. ಗುಳಿಗೆಯನ್ನು ಅವ್ವ ಒಂದು ಹೊತ್ತೂ ತಪ್ಪಿಸಲಿಲ್ಲ, ತಾನೇ ಅಂಗೈಯಲ್ಲಿಟ್ಟು ನುಂಗಿಸುತ್ತಿದ್ದಳು. ಕೊನೆಕೊನೆಗೆ ತಮ್ಮನಿಗೆ ಬಾಯಾರಿಕೆ ಹೆಚ್ಚಾಯಿತು, ಹೊಟ್ಟೆ ಕೆಟ್ಟಿತು, ಕದಿರು ಹಿಡಿದರೆ ಬೆರಳು ನಡುಗಿ ಎಳೆ ಹರಿಯತೊಡಗಿತು. "ಬಿಸಿಲಿಗಿ ಹಂಗ ಆಗ್ತದ" ಎಂದಳು ಅವ್ವ. ಅತ್ತೆ ಕೈ ಮುಗಿದು, "ಬಿಸಿಲಲ್ಲವಾ, ಅಕಿ ಹತ್ತ್ರ ಬರಾಕತ್ತಾಳ" ಎಂದಳು.

ಇದೊಂದೂ ನನಗೆ ಆಗ ಗೊತ್ತಿರಲಿಲ್ಲ. ನಮ್ಮ ತವರಿನ ಟಪಾಲು ಎಂದರೆ ದೇವದುರ್ಗದ ಬಸ್ಸಿನ ಕಂಡಕ್ಟರು. ಅವರು ನಿಲ್ದಾಣದಲ್ಲಿ ಯಜಮಾನರಿಗೆ, "ನಿಮ್ಮ ಅತ್ತಿಯವರು ನಾಳೆ ಗುಡಿಗೆ ಹೋಗಿ ನಿಮ್ಮ ಮನಿಗಿ ಊಟಕ್ಕ ಬರ್ತಾರಂತ" ಎಂದು ಹೇಳಿ ಕಳಿಸಿದರು. ನನಗೆ ಹಿಗ್ಗೋ ಹಿಗ್ಗು. ಮರುದಿನ ಬೆಳಿಗ್ಗೆಯೇ ತಮ್ಮನಿಗೆ ಇಷ್ಟ ಎಂದು ಪುಂಡಿಪಲ್ಯ ಮಾಡಿದೆ, ಅನ್ನ ಸಾರು, ಹೋಳಿಗೆ, ಬೆಳ್ಳುಳ್ಳಿ ಹಾಕಿ ಕುಟ್ಟಿದ ಕೆಂಪು ಖಾರ. ಮಧ್ಯಾಹ್ನವಾಯಿತು, ಬರಲಿಲ್ಲ. ಬಾಗಿಲಿಗೆ ಹೋಗಿ ಹೋಗಿ ನೋಡಿದೆ. ಇಳಿಹೊತ್ತಿಗೆ ಒಂದು ಎತ್ತಿನಗಾಡಿ ಬಂದು ನಿಂತಿತು. ಹುಲ್ಲಿನ ಮೇಲೆ ತಮ್ಮ ಮಲಗಿದ್ದ. ಹಣೆ, ಕೆನ್ನೆ, ಕೊರಳು ಎಲ್ಲ ಭಂಡಾರದ ಅರಿಶಿನ. ಕೊರಳಲ್ಲಿ ಯಾರೋ ಹಾಕಿದ ಬೇವಿನ ಎಲೆಯ ಸರ.

ಆದದ್ದನ್ನು ಅವ್ವ ಆಮೇಲೆ ಬಿಟ್ಟು ಬಿಟ್ಟು ಹೇಳಿದಳು. ಸಿರವಾರದ ನೆಂಟರ ಮನೆಯಿಂದ ಬೆಳಗಾಗುವ ಮೊದಲೇ ಹೊರಟು ಕಾಲುವೆಯ ದಂಡೆ ಹಿಡಿದಿದ್ದರು. ಅವ್ವ, ಅತ್ತೆ, ತಮ್ಮ. ಪಕ್ಕದಲ್ಲಿ ಕಾಲುವೆ ತುಂಬಿ ಹರಿಯುತ್ತಿತ್ತು, ಕುಡಿಯುವಂತಿರಲಿಲ್ಲ. ಬಿಸಿಲು ಏರಿದಂತೆ ತಮ್ಮ ತೂರಾಡತೊಡಗಿದ. ಕೈ ಕಾಲು ಕುಣಿದ ಹಾಗೆ ನಡುಗಿದವು. ಮಾತು ತೊದಲಿತು. ಒಂದು ಸೇತುವೆಯ ಬಳಿ ಬೇವಿನ ಮರದ ಕೆಳಗೆ ಕುಸಿದು ಕೂತ. ಅತ್ತೆ "ಬಂದಳು ನಮ್ಮವ್ವ, ಬಂದಳು!" ಎಂದು ಕೂಗಿ ಅಡ್ಡಬಿದ್ದಳು. ಗದ್ದೆಯಲ್ಲಿ ಕಳೆ ಕೀಳುತ್ತಿದ್ದ ಹೆಂಗಸರು ಕೈ ತೊಳೆದು ಓಡಿಬಂದರು. ದೇವಿ ಮೈತುಂಬಿದವರಂತೆ ಕಂಡರೆ ನಮ್ಮಲ್ಲಿ ಯಾರೂ ಸುಮ್ಮನೆ ದಾಟಿ ಹೋಗುವುದಿಲ್ಲ. ಭಂಡಾರ ಹಚ್ಚಿದರು, ಸರ ಕಟ್ಟಿ ಹಾಕಿದರು. ಒಬ್ಬಳು ಮಗಳಿಗೆ ಮಕ್ಕಳಾಗುತ್ತವೆಯೇ ಎಂದು ಕೇಳಿದಳು. ಇನ್ನೊಬ್ಬಳು ಕಳೆದುಹೋದ ಎಮ್ಮೆ ಎಲ್ಲಿದೆ ಎಂದು ಕೇಳಿದಳು. ಅವನು ನಡುಗುವ ಕೈಯನ್ನು ಕಾಲುವೆಯ ಕಡೆ ಚಾಚುತ್ತಿದ್ದ. ಎಮ್ಮೆ ಆ ದಿಕ್ಕಿಗೆ ಇದೆ ಎಂದು ಅವಳು ಕೈಮುಗಿದು ಹೋದಳಂತೆ.

ನನ್ನವ್ವ ಮಗನ ಎದುರು ಮಂಡಿಯೂರಿ ಕೂತಿದ್ದಳು. ದೇವಿ ತನ್ನ ಹರಕೆಯನ್ನು ಒಪ್ಪಿದಳು ಎಂದು ಅವಳಿಗೆ ಕಣ್ಣೀರು ಬರುತ್ತಿತ್ತಂತೆ. ಇದನ್ನು ಬರೆಯಲು ನನಗೆ ಆಗುತ್ತಿಲ್ಲ, ಆದರೂ ಬರೆಯುತ್ತೇನೆ: ನನ್ನ ತಮ್ಮ ವಿಷವೇರಿ ಸಾಯುತ್ತಿದ್ದ, ನಮ್ಮವ್ವ ಅವನ ಪಾದ ಹಿಡಿದು ಸಂತೋಷಕ್ಕೆ ಅಳುತ್ತಿದ್ದಳು. ಅವನು ವಾಂತಿ ಮಾಡಿ ಕಣ್ಣು ಮೇಲೆ ಮಾಡಿದಾಗಲೇ ಅವಳಿಗೆ ತಾಯಿಯ ಭಯ ಬಂದದ್ದು. ಭತ್ತದ ಹುಲ್ಲು ಸಾಗಿಸುವ ಗಾಡಿಯವನೊಬ್ಬ ಅವರನ್ನು ನನ್ನ ಮನೆಗೆ ತಂದು ಮುಟ್ಟಿಸಿದ. ಗುಡಿಗೆ ಅವರು ಹೋಗಲೇ ಇಲ್ಲ.

"ಏನು ತಿಂದಾನ ಇವ?" ಎಂದು ಕೇಳಿದೆ.

"ಏನೂ ಇಲ್ಲವಾ. ಸಪ್ಪನ ಊಟ. ಐದು ವಾರ ಆತು, ಉಪ್ಪು ಮುಟ್ಟಿಲ್ಲ ಕೂಸು" ಎಂದಳು ಅವ್ವ. ಆಗಲೂ ಆ ದನಿಯಲ್ಲಿ ಸ್ವಲ್ಪ ಹೆಮ್ಮೆಯಿತ್ತು.

ನಾನು ಕಿರುಚಿದೆ. ಏನೆಂದು ಕಿರುಚಿದೆನೋ ನೆನಪಿಲ್ಲ. ಅಪ್ಪನ ನಗು ಕಿವಿಯಲ್ಲಿ ಬಂದು ನಿಂತಿತ್ತು. ಯಜಮಾನರು ಗಿರಣಿಯ ಜೀಪು ತಂದರು. ರಾಯಚೂರಿನ ಆಸ್ಪತ್ರೆಗೆ ಹೋಗುವವರೆಗೆ ತಮ್ಮನ ತಲೆ ನನ್ನ ತೊಡೆಯ ಮೇಲಿತ್ತು, ಅವನ ಹಲ್ಲು ಕಟಕಟ ಎನ್ನುತ್ತಿತ್ತು. ಅರಿಶಿನ ಒರೆಸಿದಷ್ಟೂ ಹೋಗುತ್ತಿರಲಿಲ್ಲ.

ಡ್ಯೂಟಿಯಲ್ಲಿದ್ದ ಡಾಕ್ಟರು ಗುಳಿಗೆಯ ಹೆಸರು ಕೇಳಿದ ಕೂಡಲೇ ಅದನ್ನು ನಿಲ್ಲಿಸಿ ಬಾಟಲಿ ಏರಿಸಿದರು. ಒಂದಾದ ಮೇಲೊಂದು. ಅವ್ವ ಮಂಚದ ಕಾಲು ಹಿಡಿದು ನೆಲದ ಮೇಲೆ ಕೂತು ಆ ಹನಿಗಳನ್ನೇ ನೋಡುತ್ತಿದ್ದಳು. ಬಾಟಲಿ ಬದಲಿಸಲು ಬಂದ ನರ್ಸಮ್ಮನನ್ನು, "ಯವ್ವಾ, ಅದರಾಗ ಏನು ಔಷಧ ಅದ?" ಎಂದು ಕೇಳಿದಳು.

"ಔಷಧ ಇಲ್ಲಬೇ, ಅದು ಉಪ್ಪಿನ ನೀರು" ಎಂದರು ನರ್ಸಮ್ಮ, ಸಹಜವಾಗಿ, ಬಾಟಲಿ ಸಿಕ್ಕಿಸುತ್ತ.

ಅವ್ವ ಅಳಲಿಲ್ಲ. ಎದ್ದು ಹೋಗಿ ಹೊರಗಿನ ನಲ್ಲಿಯ ಹತ್ತಿರ ನಿಂತಳು. ನಾನು ಹಿಂದೆ ಹೋದೆ. "ನಾನೂ ಉಂಡಿಲ್ಲಲ್ಲವಾ" ಎಂದಳು. "ಐದು ವಾರ ನಾನೂ ಉಪ್ಪು ಉಂಡಿಲ್ಲ. ನನಗ ಏನೂ ಆಗಲಿಲ್ಲ. ನನಗ ಯಾಕ ಏನೂ ಆಗಲಿಲ್ಲ?" ಉಪ್ಪು ಕಡಿಮೆಯಾದರೆ, ನೀರು ಕಡಿಮೆಯಾದರೆ, ಆ ಗುಳಿಗೆ ಮೈಯಿಂದ ಹೊರಗೆ ಹೋಗದೆ ಒಳಗೇ ಸೇರಿಕೊಳ್ಳುತ್ತದೆ ಎಂದು ಡಾಕ್ಟರು ಹೇಳಿದ್ದನ್ನು ನಾನು ಅವಳಿಗೆ ಹೇಳಿದೆ. ಅವಳು ಕೇಳಿಸಿಕೊಂಡಳು. ಮತ್ತೆ ಅದೇ ಪ್ರಶ್ನೆ ಕೇಳಿದಳು.

ತಮ್ಮ ಉಳಿದ. ಉಳಿದ ಎಂದು ಹೇಳುವಾಗ ಜನ ದೇವರಿಗೆ ಕೈ ಮುಗಿಯುತ್ತಾರೆ, ನಾನೂ ಮುಗಿದೆ. ಆದರೆ ಕೈಯ ನಡುಕ ಹೋಗಲಿಲ್ಲ. ನಡಿಗೆ ಕುಡಿದವನ ನಡಿಗೆಯಾಯಿತು. ಮಾತು ದಪ್ಪ ನಾಲಿಗೆಯಿಂದ ಒಂದೊಂದಾಗಿ ಬರುತ್ತಿತ್ತು. ಮನೋರೋಗದ ಡಾಕ್ಟರು ಬಂದು ನೋಡಿ, "ಉಪ್ಪು ಬಿಡಬೇಡಿ ಅಂತ ಹೇಳಿದ್ದೆನಲ್ಲ" ಎಂದರು. ಸುದ್ದಿ ತಿಳಿದು ಕುರಿ ಬಿಟ್ಟು ಓಡಿಬಂದಿದ್ದ ಅಪ್ಪ ತಲೆಯ ಪಟಕಾ ಬಿಚ್ಚಿ ಕೈಯಲ್ಲಿ ಹಿಡಿದು ನಿಂತಿದ್ದ, ತಲೆ ಎತ್ತಲಿಲ್ಲ. ಆ ಗುಳಿಗೆಯನ್ನು ಮತ್ತೆ ಕೊಡುವ ಧೈರ್ಯ ಡಾಕ್ಟರಿಗೆ ಆಗಲಿಲ್ಲ. ಬೇರೆ ಗುಳಿಗೆ ಕೊಟ್ಟರು, ಅವು ಅವನನ್ನು ತೂಕಡಿಸುವಂತೆ ಮಾಡಿದವೇ ಹೊರತು ಪೂರ್ತಿ ಹಿಡಿಯಲಿಲ್ಲ. ಮಳೆಗಾಲ ಬಂದಾಗ ಕಂಬಳಿ, ಗೋಡೆ ಮತ್ತೆ ಬಂದವು. ಕದಿರು ಹಿಡಿದು ನೋಡಿದ. ಅದು ಅವನ ಬೆರಳಲ್ಲಿ ಒಂದು ಸುತ್ತೂ ನಿಲ್ಲಲಿಲ್ಲ. ಆಮೇಲೆ ಹಿಡಿಯಲಿಲ್ಲ.

ಅತ್ತೆ ಒಂದು ದಿನ, "ಹರಕಿ ಅರ್ಧಕ್ಕ ನಿಂತೈತಿ, ಅದಕ್ಕ ಹಿಂಗ" ಎಂದಳು. ನಾನು ಅವಳಿಗೆ ಏನು ಅಂದೆ ಎಂದು ಇಲ್ಲಿ ಬರೆಯುವಂತಿಲ್ಲ. ಅವಳು ಹಿರಿಯಳು, ಈಗ ಇಲ್ಲ. ಆದರೆ ಅಂದದ್ದಕ್ಕೆ ನನಗೆ ಪಶ್ಚಾತ್ತಾಪವೂ ಇಲ್ಲ.

ಆಸ್ಪತ್ರೆಗೆ ಹತ್ತಿರ ಎಂದು ಆ ವರ್ಷ ಅವನನ್ನು ಕೆಲವು ತಿಂಗಳು ನನ್ನ ಮನೆಯಲ್ಲೇ ಇಟ್ಟುಕೊಂಡೆ. ಸಾಯಂಕಾಲ ಕೈ ಹಿಡಿದು ಕಾಲುವೆಯ ದಂಡೆಗೆ ಕರೆದುಕೊಂಡು ಹೋಗುತ್ತಿದ್ದೆ. ಒಂದು ದಿನ ಅಲ್ಲಿ ಕೂತಿದ್ದಾಗ ನನಗೆ ತಡೆಯಲಾಗಲಿಲ್ಲ. "ನೀನೂ ಒಳಗಿದ್ದೆಲ್ಲ ಅವತ್ತು, ಡಾಕ್ಟರ ಹತ್ತ್ರ. ಉಪ್ಪಿನ ಮಾತು ನಿನಗ ಕೇಳಿಸಿದ್ದಿಲ್ಲೇನು?" ಎಂದೆ.

ಅವನು ದಂಡೆಯ ಹುಲ್ಲು ಕಿತ್ತು ನೀರಿಗೆ ಎಸೆದ.

"ಕೇಳಿಸಿತ್ತು."

"ಮತ್ತ ಯಾಕ ಸುಮ್ಮನಾದಿ? ಅವ್ವಗ ಒಂದು ಮಾತು ಹೇಳಬಾರದಿತ್ತೇನಲೇ?"

"ಅವ್ವ ನಗಾಕತ್ತಿದ್ದಳಕ್ಕಾ" ಎಂದ. ಒಂದೊಂದು ಮಾತಿಗೂ ನಾಲಿಗೆಯನ್ನು ದಬ್ಬುತ್ತಿದ್ದ. "ಎಷ್ಟು ದಿನದ ಮ್ಯಾಲ ನಗಾಕತ್ತಿದ್ದಳು. ನನ್ನ ಸಲುವಾಗಿ ಅಕಿ ಎಷ್ಟು ಅತ್ತಾಳ. ನನಗ ಏನೂ ಕೇಳಿದಾಕಿ ಅಲ್ಲ. ಉಪ್ಪು ಬಿಡೋ ಕೂಸ, ಐದು ವಾರ ಅಂದಳು. ಅಷ್ಟೂ ಕೊಡಬಾರದೇನು ಅಂತ ಅನಿಸಿತು. ಐದು ವಾರದಾಗ ಏನಾಗ್ತದ ಅಂದ್ಕೊಂಡೆ." ನನ್ನ ಕೈ ಹಿಡಿದು, "ಅವ್ವಗ ಹೇಳಬ್ಯಾಡ" ಎಂದ.

ನಾನು ಅವನ ತಲೆಯನ್ನು ನನ್ನ ಹೆಗಲಿಗೆ ಎಳೆದುಕೊಂಡು ಅತ್ತೆ. ದಂಡೆಯ ಮೇಲೆ ಹೋಗಿ ಬರುವ ಜನ ನೋಡುತ್ತಿದ್ದರು. ನೋಡಲಿ ಎಂದುಕೊಂಡೆ. ಅವ್ವನಿಗೆ ನಾನು ಹೇಳಲಿಲ್ಲ, ಅವಳು ಇರುವವರೆಗೂ ಹೇಳಲಿಲ್ಲ. ಆಗ ಮನೆಯಲ್ಲಿದ್ದ ಯಾರಿಗೂ ಗೊತ್ತಿರಲಿಲ್ಲ, ಅದಕ್ಕೇ ಆಯಿತು ಎಂದೇ ಅವಳು ಕೊನೆಯವರೆಗೆ ತಿಳಿದಿದ್ದಳು.

ಅವನು ಊರಿಗೆ ಮರಳಿದ ಮೇಲೆ ಅವ್ವ ಪ್ರತಿ ಊಟದಲ್ಲೂ ಅವನ ಎದುರು ಕೂತು ಕೇಳುತ್ತಿದ್ದಳು: "ಉಪ್ಪು ಸಾಕೇನೋ?" ಅವನು ತುತ್ತು ನುಂಗಿ, "ಸಾಕವ್ವಾ, ಚೊಲೊ ಆಗ್ಯಾದ" ಎನ್ನುತ್ತಿದ್ದ. ಒಮ್ಮೆ ನಾನು ತವರಿಗೆ ಹೋದಾಗ ಅವನ ಕೈ ನಡುಗಿ ಸಾರು ಚೆಲ್ಲಿತು. ತುತ್ತು ಮಾಡಿ ಬಾಯಿಗಿಡೋಣ ಎಂದು ಅವನ ತಾಟನ್ನು ನನ್ನ ಕಡೆ ಎಳೆದುಕೊಂಡೆ. ರುಚಿ ನೋಡಲು ಒಂದು ಬೆರಳು ನಾಲಿಗೆಗೆ ಹಚ್ಚಿದೆ. ಉಪ್ಪು. ಬಾಯಲ್ಲಿ ಇಡಲಾಗದಷ್ಟು ಉಪ್ಪು. ಅವ್ವ ಅವನ ತಾಟಿಗೆ ಮಾತ್ರ ಬೇರೆಯಾಗಿ, ಹಿಡಿಗಟ್ಟಲೆ ಹಾಕುತ್ತಿದ್ದಳು. ನಾನು ಬಾಯಿ ತೆರೆಯುವಷ್ಟರಲ್ಲಿ ತಮ್ಮ ನನ್ನ ಮುಖ ನೋಡಿ, ಬೇಡ ಎಂದು ತಲೆಯಾಡಿಸಿದ. ನಡುಗುವ ಕೈಯಿಂದ ತಾಟನ್ನು ತನ್ನ ಕಡೆಗೆ ಎಳೆದುಕೊಂಡು ಉಣ್ಣತೊಡಗಿದ. ಆ ಐದು ವಾರ ಸಪ್ಪೆಯನ್ನು ಉಂಡ ಹಾಗೆಯೇ, ಸುಮ್ಮನೆ, ಪೂರ್ತಿ ಉಂಡ.